ಬಾಗಿಲಿಗೆ ತೂಗಿದ ಸೌಟು

ನಮ್ಮೂರಲ್ಲಿ ಎದುರಿಗೆ ಸಿಕ್ಕವರು "ಊಟ ಆಯ್ತಾ?" ಅಂತ ಕೇಳೋದಿಲ್ಲ. "ಒಲೆ ಹತ್ತಿತಾ?" ಅಂತ ಕೇಳುತ್ತಾರೆ. ಹತ್ತಿತು ಅಂದರೆ ಮಾತು ಮಳೆ ಬೆಳೆ ಅಂತ ಮುಂದಕ್ಕೆ ಹೋಗುತ್ತೆ. ಇಲ್ಲ ಅಂದರೆ ಅಲ್ಲಿಗೇ ನಿಲ್ಲುತ್ತೆ, ಕೇಳಿದವರು ಮನೆಗೆ ಹೋಗಿ ಒಂದು ಪಾವು ಅಕ್ಕಿ ಹೆಚ್ಚಿಗೆ ತೊಳೆದು ಇಡುತ್ತಾರೆ. ಯಾಕೆಂದರೆ ಇಲ್ಲಿ ಮನೆಯೊಳಗೆ ಯಾರದಾದರೂ ಮನಸ್ಸು ಕುಗ್ಗಿ ಕೂತರೆ ಆ ಮನೆ ಒಲೆ ಹತ್ತೋದಿಲ್ಲ. ಕಡ್ಡಿ ಹತ್ತುತ್ತೆ, ದೇವರ ದೀಪ ಹತ್ತುತ್ತೆ, ಬೀಡಿ ಕೂಡ ಹತ್ತುತ್ತೆ. ಒಲೆ ಮಾತ್ರ ಊಹೂಂ. ಸೌದೆ ಒಲೆಯಾದರೂ ಅಷ್ಟೇ, ಗ್ಯಾಸಾದರೂ ಅಷ್ಟೇ. ಎದುರುಮನೆ ಪಾರಿಜಾತ ಒಂದು ಸಲ ಪೇಟೆಯಿಂದ ಕರೆಂಟಿನ ಒಲೆ ತಂದು, "ಇದಕ್ಕೆ ಬೆಂಕಿನೇ ಬೇಡ, ಇನ್ನು ಮನಸ್ಸು ಯಾಕೆ ಬೇಕು?" ಅಂತ ಬೀದಿಯೆಲ್ಲ ಮೆರೆದಳು. ಅವಳ ಅತ್ತೆ ತೀರಿಕೊಂಡ ವಾರ ಅದರ ಕೆಂಪು ದೀಪ ಉರೀತಾನೇ ಇತ್ತು, ಮೇಲಿಟ್ಟ ಹಾಲು ಬೆಳಗಿಂದ ಸಂಜೆವರೆಗೆ ತಣ್ಣಗೇ ಇತ್ತು. ಈಗ ಅದರ ಮೇಲೆ ಈರುಳ್ಳಿ ಬುಟ್ಟಿ ಇಡುತ್ತಾಳೆ.

ಒಲೆ ಹತ್ತದ ಮನೆಯವರು ಬಾಗಿಲಿಗೆ ಒಂದು ಸೌಟು ತೂಗುಹಾಕಬೇಕು. ನಾಚಿಕೊಳ್ಳೋ ಹಾಗಿಲ್ಲ. ಸೌಟು ಕಂಡ ಕೂಡಲೇ ಆ ಸಾಲಿನ ಮನೆಗಳು ಸರದಿ ಹಾಕಿಕೊಂಡು ಊಟ ತರುತ್ತವೆ. ಹಬ್ಬದಡುಗೆ ತರಬಾರದು, ದಿನಾ ತಾವು ಉಣ್ಣೋದನ್ನೇ ತರಬೇಕು. ರಾಗಿಮುದ್ದೆ, ಸೊಪ್ಪು, ಮೊಳಕೆಕಾಳು, ಮೊಸರು, ಬಾಳೆಹಣ್ಣು, ಹುರಿದ ಕಡಲೆಕಾಯಿ. ತಂದವರು ಇಟ್ಟು ಓಡಬಾರದು, ಎದುರಿಗೆ ಕೂತು ಜೊತೆಗೆ ಉಣ್ಣಬೇಕು. ಮನಸ್ಸು ಕುಗ್ಗಿದವರು ಒಂದು ದಿನ ತಮ್ಮಷ್ಟಕ್ಕೆ ತಾವೇ "ಇನ್ನೊಂದು ಸ್ವಲ್ಪ ಹಾಕಿ" ಅಂತ ಕೇಳಿ ಬಡಿಸಿಕೊಳ್ಳುತ್ತಾರೆ ನೋಡಿ, ಆವತ್ತು ಒಲೆ ಹತ್ತುತ್ತೆ. ಕೆಲವರಿಗೆ ಎಂಟು ದಿನ, ಕೆಲವರಿಗೆ ತಿಂಗಳು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕಳೆದರೂ ಹತ್ತದಿದ್ದರೆ ಅವರು ಒಲೆ ಬದಲಾಯಿಸಬೇಕು. ನೆಂಟರ ಮನೆಗೆ ಹೋಗಿ ಅಲ್ಲಿನ ಒಲೆಯ ಊಟ ಉಣ್ಣಬೇಕು. ಅವರು ಹೊಸಲು ದಾಟಿದ ಗಳಿಗೆಗೆ ಹಳೇ ಮನೆ ಒಲೆ ಹತ್ತಿಕೊಳ್ಳುತ್ತೆ, ಹೋದ ಮನೆಯದು ನಾಲ್ಕು ದಿನ ಕುಂಟಿ ಆಮೇಲೆ ಸರಿಹೋಗುತ್ತೆ. ಹಾಗೆ ಹೋದವರು ವಾಪಸು ಬಂದಿದ್ದು ಕಡಿಮೆ. ಅಲ್ಲೇ ಒಗ್ಗಿಬಿಡುತ್ತಾರೆ.

ನಾನು ದೇವೀರಮ್ಮ. ನಮ್ಮೂರ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು. ನೂರ ಎಂಬತ್ತು ತಟ್ಟೆ ದಿನಕ್ಕೆ. ಶಾಲೆ ಒಲೆ ಯಾರ ಮನೆಯದೂ ಅಲ್ಲವಲ್ಲ, ಅದು ಯಾವತ್ತೂ ಆರಿದ್ದಿಲ್ಲ. ನನ್ನ ಬೆರಕೆ ಸೊಪ್ಪಿನ ಸಾರು ಅಂದರೆ ಮೇಷ್ಟ್ರುಗಳೂ ಲೋಟ ಹಿಡಿದು ಬರುತ್ತಿದ್ದರು. ಸೊಪ್ಪು ನಾನು ಕೊಳ್ಳುತ್ತಿರಲಿಲ್ಲ. ಸೋಮವಾರ ಒಂದೊಂದು ಮಗುವೂ ಮನೆಯಿಂದ ಒಂದು ಹಿಡಿ ಸೊಪ್ಪು ತರಬೇಕು ಅಂತ ನಾನೇ ಮಾಡಿದ ಕಾನೂನು. ದಂಟು, ಹೊನಗೊನೆ, ನುಗ್ಗೆ, ಸಬ್ಬಸಿಗೆ, ಏನಾದರೂ ಸರಿ. ಒಬ್ಬಳು ಒಂದು ಸಲ ಸೇವಂತಿಗೆ ಎಲೆ ತಂದಿದ್ದಳು, ಅವಳಮ್ಮನ್ನ ಕರೆಸಿ ಬೈದೆ. ಹೋದ ಬೇಸಿಗೆಗೆ ನನಗೆ ಅರವತ್ತು ತುಂಬಿತು. ಹಾರ ಹಾಕಿ, ಶಾಲು ಹೊದಿಸಿ, "ಇನ್ನು ಆರಾಮಾಗಿರಿ" ಅಂತ ಹೇಳಿ ಕಳಿಸಿದರು. ನಾನೂ ನಗುತ್ತಾನೇ ಬಂದೆ. ಅತ್ತುಕೊಂಡು ಬರೋ ಜಾತಿ ಅಲ್ಲ ನಂದು.

ಮನೆಯಲ್ಲಿ ನಾವಿಬ್ಬರೇ. ನಾನು, ನನ್ನ ವಾರಗಿತ್ತಿ ಜಯಶೀಲ. ಅಣ್ಣ ತಮ್ಮ ಇಬ್ಬರೂ ಬೇಗ ಹೋಗಿಬಿಟ್ಟರು, ಅವರಿಬ್ಬರ ಹೆಂಡಂದಿರು ನಾವು ಒಂದೇ ಒಲೆಗೆ ಉಳಿದೆವು. ಅವಳು ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಕಿಟಕಿ ಪಕ್ಕ ಮಿಷನ್ ಇಟ್ಟುಕೊಂಡು ರವಿಕೆ ಹೊಲೀತಾಳೆ. ಮಾತು ಕಡಿಮೆ. ಹತ್ತು ಮಾತು ನಾನಾಡಿದರೆ ಅವಳದು ಒಂದು "ಹ್ಞೂಂ ಅಕ್ಕಾ." ಅದೇ ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳು ಚಂಪಕನ ಮದುವೆ ಮಾಡಿ ಕಳಿಸಿದೆವು.

ರಜ ಮುಗಿದು ಶಾಲೆ ಶುರುವಾದ ಮೂರನೇ ದಿನ ನಮ್ಮ ಒಲೆ ಹತ್ತಲಿಲ್ಲ. ಕಡ್ಡಿ ಮೇಲೆ ಕಡ್ಡಿ ಗೀರಿದೆ. ಮುನಿವೆಂಕಟನ್ನ ಕರೆಸಿದೆ, ಅವನು ನಮ್ಮೂರಲ್ಲಿ ಗ್ಯಾಸ್ ರಿಪೇರಿ ಮಾಡೋನು. ಸಿಲಿಂಡರ್ ಅಲ್ಲಾಡಿಸಿದ, ಪೈಪು ಮೂಸಿದ, ಬರ್ನರ್ ಊದಿದ. ಅದೆಲ್ಲ ಬರೀ ಮರ್ಯಾದೆಗೆ, ಅವನ ನಿಜವಾದ ಕೆಲಸ ಮುಖ ನೋಡೋದು. ಮೊದಲು ನನ್ನ ಮುಖ ನೋಡಿದ. ನಾನು ದುರುಗುಟ್ಟಿಕೊಂಡು ಅವನ್ನೇ ನೋಡಿದೆ. ಆಮೇಲೆ ಮಿಷನ್ ಮುಂದೆ ತಲೆ ತಗ್ಗಿಸಿ ಕೂತಿದ್ದ ಜಯಶೀಲನ ಕಡೆ ತಿರುಗಿದ.

"ಒಲೆ ಚೆನ್ನಾಗೈತೆ ಅಮ್ಮಾ," ಅಂದ. "ಇನ್ನು ನೀವುಂಟು, ನಿಮ್ಮನೆಯುಂಟು."

"ಗೊತ್ತಾಯ್ತು ಬಿಡು," ಅಂದೆ. "ಮಗಳನ್ನ ಕಳಿಸಿ ಕೊರಗ್ತಾ ಇದ್ದಾಳೆ. ಹೆತ್ತ ಕರುಳು." ಅವನು ಇನ್ನೊಂದು ಸಲ ನನ್ನ ಮುಖ ನೋಡಿ, ಸೈಕಲ್ ಹತ್ತಿ ಹೋದ. ನಾನೇ ಸೌಟು ತೊಳೆದು, ಹಿಡಿಗೆ ದಾರ ಕಟ್ಟಿ, ಬಾಗಿಲಿಗೆ ತೂಗುಹಾಕಿದೆ.

ಅಯ್ಯೋ, ಆಮೇಲೆ ನನ್ನ ಉಮೇದು ನೋಡಬೇಕಿತ್ತು! ಸಾಲಿನ ಮನೆಗಳಿಗೆಲ್ಲ ನಾನೇ ಹೋಗಿ ಸರದಿ ಬರೆಸಿದೆ. ಸೋಮವಾರ ನುಗ್ಗೆಸೊಪ್ಪು, ಮಂಗಳವಾರ ಹುರುಳಿಕಾಳು, ಬುಧವಾರ ಮೊಟ್ಟೆ. ಊಟ ತಂದವರ ಕೈಯಿಂದ ಪಾತ್ರೆ ಇಸಿದುಕೊಂಡು ನಾನೇ ಬಡಿಸುತ್ತಿದ್ದೆ. "ತಿನ್ನೇ, ಇನ್ನೊಂದು ತುತ್ತು. ಅಗಸೆಬೀಜದ ಚಟ್ನಿಪುಡಿ ಮುಟ್ಟೇ ಇಲ್ಲವಲ್ಲೇ. ಬಾಳೆಹಣ್ಣು ಯಾರಿಗಿಟ್ಟಿದ್ದೀಯ, ಗೋಡೆಗಾ?" ಪಾಪದವಳು ಇಟ್ಟಿದ್ದೆಲ್ಲ ತಿನ್ನುತ್ತಿದ್ದಳು. "ನೀವೂ ಕೂತ್ಕೊಳ್ಳಿ ಅಕ್ಕಾ" ಅನ್ನೋಳು. ನಾನು ಕೂರುತ್ತಿರಲಿಲ್ಲ. ಬಡಿಸೋರು ಕೂತರೆ ಬಡಿಸೋದು ಯಾರು? ಶಾಲೆಯಲ್ಲೂ ಅಷ್ಟೇ, ಎಲ್ಲರದೂ ಆದ ಮೇಲೆ ಕೊಳದಪ್ಪಲೆ ತಳದಲ್ಲಿ ಉಳಿದಿದ್ದನ್ನ ನಿಂತುಕೊಂಡೇ ಬಾಯಿಗೆ ಹಾಕಿಕೊಂಡು ಪಾತ್ರೆ ತೊಳೆಯೋಕೆ ಕೂರುತ್ತಿದ್ದೆ. ಈಗಲೂ ಎಲ್ಲ ಹೋದ ಮೇಲೆ ಸಿಂಕಿನ ಹತ್ತಿರ ನಿಂತು ಎರಡು ತುತ್ತು ನುಂಗಿದರೆ ನನ್ನ ಊಟ ಮುಗೀತು. ಹಸಿವೂ ಅಷ್ಟಕ್ಕಷ್ಟೇ ಇತ್ತು, ವಯಸ್ಸಾಯಿತಲ್ಲ ಅಂದುಕೊಂಡಿದ್ದೆ.

ಎರಡನೇ ವಾರ ನನಗೆ ತಾಳ್ಮೆ ಹೋಯಿತು. ಹಬ್ಬದಡುಗೆ ಕೂಡದು ಅಂತ ಗೊತ್ತಿದ್ದೂ ಪಾರಿಜಾತನ ಕೈಲಿ ಗುಟ್ಟಾಗಿ ಹೋಳಿಗೆ ಮಾಡಿಸಿದೆ. ಜಯಶೀಲ ಒಂದು ತಿಂದಳು. ತುಪ್ಪ ಹಿತವಾಗಿದೆಯಾ ಅಂತ ನೋಡೋಕೆ ನಾನೂ ಎರಡು ತಿಂದೆ, ಸುಳ್ಳ್ಯಾಕೆ, ಮೂರು. ಹೋಗಿ ಕಡ್ಡಿ ಗೀರಿದರೆ ಒಲೆ ಭಗ್ ಅಂತ ಹತ್ತಿತು! ಪಾರಿಜಾತ ಸೌಟು ಬಿಚ್ಚೋಕೆ ಬಾಗಿಲಿಗೆ ಓಡಿದಳು. ಅವಳು ದಾರದ ಗಂಟಿಗೆ ಕೈ ಹಾಕೋದರೊಳಗೆ ಬೆಂಕಿ ಹಳದಿಗೆ ತಿರುಗಿ, ಸಣ್ಣಗಾಗಿ, ಆರಿಹೋಯಿತು. ಆಮೇಲೆ ಮೊದಲಿಗಿಂತ ತಣ್ಣಗೆ ಕೂತಿತು ಒಲೆ. "ಅದಕ್ಕೇ ಹಿರಿಯರು ಸಿಹಿ ಬೇಡ ಅಂದಿದ್ದು," ಅಂತ ಪಾರಿಜಾತ ಗೊಣಗಿದಳು. ಅವತ್ತು ಸಂಜೆ ನಾನು ಸುಮ್ಮಸುಮ್ಮನೆ ಅವಳ ಮೇಲೆ ರೇಗಿದೆ.

ಇಪ್ಪತ್ತನೇ ದಿನಕ್ಕೆ ಜಯಶೀಲ ಬಾಯಿ ಬಿಟ್ಟು ಕೇಳಿದಳು. "ಅಕ್ಕಾ, ಇನ್ನರ್ಧ ಮುದ್ದೆ ಹಾಕಿ." ಮುದ್ದೆ ಹಾಕಿ ಒಲೆಗೆ ಓಡಿದೆ. ಹತ್ತಲಿಲ್ಲ. ಮಾರನೇ ದಿನವೂ ಕೇಳಿದಳು, ಮೊಸರು ಕೇಳಿದಳು, ಕಾಳುಪಲ್ಯ ಕೇಳಿದಳು. ಒಲೆ ಜಪ್ಪಯ್ಯ ಅನ್ನಲಿಲ್ಲ. ಸಾಲಿನವರೆಲ್ಲ ಸೇರಿ, "ಬಾಯಿ ಕೇಳ್ತಾ ಇದೆ, ಮನಸ್ಸು ಕೇಳ್ತಿಲ್ಲ" ಅಂತ ತೀರ್ಮಾನ ಮಾಡಿದರು. ನಾನೂ ಹ್ಞೂಂಗುಟ್ಟಿದೆ. ಅವಳ ಕೆನ್ನೆ ತುಂಬಿಕೊಂಡು ಬಂದಿತ್ತು, ಹೊಲೀತಾ ಹೊಲೀತಾ ಹಾಡು ಗುನುಗುತ್ತಿದ್ದಳು, ವಾರಕ್ಕೆರಡು ಸಲ ಮಗಳ ಹತ್ತಿರ ಫೋನಲ್ಲಿ ನಗುತ್ತಿದ್ದಳು. ಇದೆಲ್ಲ ನನ್ನ ಕಣ್ಣೆದುರೇ ಇತ್ತು. ಒಳಗೊಳಗೇ ಕೊರಗುವವರು ಹೊರಗೆ ಹೀಗೇ ನಗುತ್ತಾರೆ ಅಂತ ಪಾರಿಜಾತನಿಗೆ ಬುದ್ಧಿ ಹೇಳಿದೆ.

ನಲವತ್ತು ದಾಟಿದ ಮೇಲೆ ನನಗೆ ಭಯ ಶುರುವಾಯಿತು. ಜಯಶೀಲ ಈ ಮನೆಗೆ ಕಾಲಿಟ್ಟಾಗ ಇಪ್ಪತ್ತೊಂದು ವರ್ಷದ ಹುಡುಗಿ, ಸಾರಿಗೆ ಹುಣಿಸೆಹಣ್ಣು ಎಷ್ಟು ಹಾಕಬೇಕು ಅಂತಲೂ ಗೊತ್ತಿರಲಿಲ್ಲ. ನಾನೇ ಕಲಿಸಿದ್ದು. ಇವಳು ಹೋದರೆ ನಾನು ಬೈಯೋದು ಯಾರನ್ನ? ನಲವತ್ತೇಳನೇ ದಿನ ಪಾರಿಜಾತ ಬಂದು, "ನಾಳೆಗೆ ಮಂಡಲ ಮುಗಿಯುತ್ತೆ ದೇವೀರಕ್ಕ" ಅಂದಳು. ಗೊತ್ತಿಲ್ವೇನೇ ನನಗೆ ಅಂತ ಗದರಿಸಿ ಕಳಿಸಿದೆ.

ಜಯಶೀಲನ ಅಣ್ಣ ಗವಿರಂಗ ಕೆಳಗಿನ ಬೀದಿಯಲ್ಲಿರೋದು. ಮಂಡಲ ಮುಗಿದ ಮಾರನೇ ಬೆಳಿಗ್ಗೆ ಮಿಷನ್ ಹೊರೋಕೆ ಗಾಡಿ ತಂದ. ಹೊಸಲಲ್ಲಿ ನಿಂತು ಜಯಶೀಲ ನನ್ನ ಕೈ ಹಿಡಿದುಕೊಂಡಳು. "ಹೊತ್ತಿಗೆ ಸರಿಯಾಗಿ ಉಣ್ಣಿ ಅಕ್ಕಾ" ಅಂದಳಷ್ಟೆ. "ನನಗೆ ಹೇಳೋಕೆ ಬರ್ತೀಯಾ, ಹೋಗು," ಅಂದೆ. ಗಾಡಿ ತಿರುವಲ್ಲಿ ಮರೆಯಾಯಿತು. ಸಾಲಿನವರೆಲ್ಲ ನನ್ನ ಅಂಗಳದಲ್ಲಿ ಕಾಯುತ್ತಾ ನಿಂತಿದ್ದರು. ನಾನು ಒಳಗೆ ಹೋಗಿ ಕಡ್ಡಿ ಗೀರಿದೆ.

ಹತ್ತಲಿಲ್ಲ.

ಇನ್ನೊಂದು ಗೀರಿದೆ. ಹನ್ನೊಂದು ಕಡ್ಡಿ ಗೀರಿದೆ. ಹೊರಗೆ ಬಂದಾಗ ಯಾರೂ ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಬೀದಿಯಿಂದ ಮುನಿವೆಂಕಟ ಸೈಕಲ್ಲಲ್ಲಿ ಬಂದು, "ಗವಿರಂಗನ ಮನೆ ಒಲೆ ಒಂಚೂರೂ ಕುಂಟಲಿಲ್ಲ, ಧಗಧಗ ಅಂತೈತೆ," ಅಂದ. ಮನೆಯಲ್ಲಿದ್ದದ್ದು ಇಬ್ಬರು. ಒಬ್ಬಳು ಹೋಗಿಯಾಗಿದೆ. ಲೆಕ್ಕಕ್ಕೆ ಮೇಷ್ಟ್ರೇ ಬೇಕಾಗಿರಲಿಲ್ಲ.

"ಒಲೆ ಹಾಳಾಗಿದೆ," ಅಂದೆ ನಾನು. "ಬರ್ನರ್ ಹೋಗಿದೆ. ಈ ಮುನಿವೆಂಕಟನಿಗೆ ಕೆಲಸ ಬರಲ್ಲ." ಅಂದು ಬಾಗಿಲು ಹಾಕಿಕೊಂಡೆ.

ಮೂರು ದಿನ ಕಡಲೆಪುರಿ ತಿಂದುಕೊಂಡು ಇದ್ದೆ. ಪಾರಿಜಾತ ಕಿಟಕಿಯ ಹತ್ತಿರ ತಟ್ಟೆ ಹಿಡಿದು ಕರೆದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ತಗೊಂಡು ಹೋಗು" ಅಂತ ಓಡಿಸಿದೆ. ಊರಿಗೆಲ್ಲ ತಿನ್ನಿಸಿದವಳು ನಾನು. ನನ್ನ ಮುಂದೆ ತಟ್ಟೆ ಇಟ್ಟು, "ತಿನ್ನಮ್ಮ, ಒಂದು ತುತ್ತು" ಅಂತ ಇವರು ಕೂರೋದಾ? ನಾಲ್ಕನೇ ದಿನ ಮಧ್ಯಾಹ್ನ ಶಾಲೆಯ ಊಟದ ಗಂಟೆ ಹೊಡೆಯಿತು. ದಿನಾ ಹೊಡೆಯುತ್ತೆ, ದಿನಾ ನನಗೆ ಕೇಳಿಸುತ್ತೆ. ಅವತ್ತು ಕೇಳಿಸಿದಾಗ ನನ್ನ ಕೈ ತಾನಾಗೇ ಸೊಂಟಕ್ಕೆ ಸೆರಗು ಸಿಕ್ಕಿಸೋಕೆ ಹೋಯಿತು. ಸಿಕ್ಕಿಸಿಕೊಂಡೂ ಬಿಟ್ಟೆ. ಆಮೇಲೆ ಅಡುಗೆಮನೆ ಮಧ್ಯೆ ಹಾಗೇ ನಿಂತೆ. ಯಾರಿಗೂ ಹಸಿವಾಗಿರಲಿಲ್ಲ. ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅಷ್ಟು ದಿನದಿಂದ ಎದೆ ಮೇಲೆ ಕೂತಿದ್ದದ್ದು ಏನು ಅಂತ ಆಗ ಗೊತ್ತಾಯಿತು. ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಗಂಡ ಸತ್ತಾಗ ಅತ್ತಷ್ಟು ಅತ್ತೆ.

ಹಿತ್ತಲ ಬಾಗಿಲು ತೆರೆದೇ ಇತ್ತು. ಜಯಶೀಲ ಕ್ಯಾರಿಯರ್ ಹಿಡಿದುಕೊಂಡು ಬಂದು ನನ್ನ ಎದುರಿಗೆ ಕೂತಳು. ಏಳು ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. ತಟ್ಟೆ ಎರಡು ಹಾಕಿದಳು. ಅನ್ನ, ಹೆಸರುಕಾಳು ಸಾರು, ಒಂದು ಬಟ್ಟಲು ಮೊಸರು.

"ನಿನಗೆ ಯಾವಾಗ ಗೊತ್ತಾಯ್ತು?" ಅಂದೆ.

"ಮೊದಲನೇ ದಿನಾನೇ ಅಕ್ಕಾ. ಮುನಿವೆಂಕಟನಿಗೂ ಗೊತ್ತಾಗಿತ್ತು."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ನಲವತ್ತೆಂಟು ದಿನ ಕತ್ತೆ ಹಾಗೆ ತಿಂದ್ಯಲ್ಲೇ! ಬೀದಿಯವರೆಲ್ಲ ನಿನ್ನನ್ನ ಅಯ್ಯೋ ಪಾಪ ಅಂದರು. ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

ಅವಳು ಸಾರು ಬಡಿಸುತ್ತಾ ತಲೆ ಎತ್ತದೆ ಹೇಳಿದಳು. ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ನಾನು ಕೇಳಿರಲೇ ಇಲ್ಲ. "ಶಾಲೆ ಕೆಲಸ ಬಿಟ್ಟ ಮೇಲೆ ನೀವು ಗೋಡೆ ನೋಡ್ಕೊಂಡು ಕೂರ್ತಿದ್ರಿ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಇಬ್ಬರಿಗೆ ಎರಡು ಸೇರು ಬೇಳೆ ಅಳೆದು, ಮತ್ತೆ ಡಬ್ಬಕ್ಕೇ ಸುರೀತಿದ್ರಿ. ಸೌಟು ತೂಗಿದ ದಿನ ನನಗೆ ಬಡಿಸೋಕೆ ನಿಂತ್ರಲ್ಲ, ಆಗ ನಿಮ್ಮ ಮುಖ ಮೊದಲಿನ ಹಾಗಾಯ್ತು. ನಾನು ತಿನ್ನೋದರಿಂದ ಸರಿಹೋಗೋದಾದ್ರೆ ಹೋಗ್ಲಿ ಅಂತ ತಿಂದೆ. ಆಗ್ಲಿಲ್ಲ. ಬಡಿಸಿದ್ರೆ ನಿಮಗೆ ಗಳಿಗೆ ಸುಖ ಅಷ್ಟೇ, ಹೋಳಿಗೆ ತಿಂದ ಹಾಗೆ. ಈಗ ನೀವು ಉಣ್ಣಿ. ನಾನು ನಿಮ್ಮ ಹಾಗೆ ಬೈಯಲ್ಲ, ಸುಮ್ಮನೆ ಕೂತಿರ್ತೀನಿ."

ಎರಡು ತುತ್ತು ತಿಂದೆ. ಮೂರನೆಯದು ಇಳಿಯಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ. ತನ್ನ ಊಟ ಮುಗಿಸಿ, ಎರಡೂ ತಟ್ಟೆ ತೊಳೆದು, ನಾಳೆ ಬರ್ತೀನಿ ಅಂತ ಹೋದಳು.

ಒಂದೇ ದಿನಕ್ಕೆ ಏನೂ ಆಗಲಿಲ್ಲ. ಹುರುಳಿಕಾಳು ತಿಂದ ಕೂಡಲೇ ಎದೆ ಹಗುರಾಯಿತು ಅಂತ ಹೇಳಿದರೆ ನೀವು ನಂಬಬೇಡಿ. ದಿನಾ ಮಧ್ಯಾಹ್ನ ಶಾಲೆ ಗಂಟೆ ಹೊಡೆಯೋದರೊಳಗೆ ಅವಳು ಬಂದುಬಿಡುತ್ತಿದ್ದಳು. ಒಂದು ದಿನ ಸಣ್ಣ ಮೀನಿನ ಸಾರು, ಒಂದು ದಿನ ಮೆಂತ್ಯಸೊಪ್ಪಿನ ಪಲ್ಯ, ಮುದ್ದೆ, ಒಂದು ದಿನ ಬರೀ ಮೊಸರನ್ನ, ದಾಳಿಂಬೆ ಕಾಳು. ಪಾರಿಜಾತನೂ ಬರೋಕೆ ಶುರು ಮಾಡಿದಳು, ನಾನು ಓಡಿಸಲಿಲ್ಲ. ಅವಳ ಸಾರಿಗೆ ಹುಳಿ ಜಾಸ್ತಿ ಅಂತ ಹೇಳಿದೆ, ಅವಳು ಸಂತೋಷಪಟ್ಟಳು. ಮೊದಲು ಬಂದದ್ದು ನಿದ್ದೆ. ಆಮೇಲೆ ಬೆಳಿಗ್ಗೆ ಎದ್ದಾಗ ಹಸಿವಾಗೋಕೆ ಶುರುವಾಯಿತು, ಹೊಟ್ಟೆ ಗುರ್ ಅನ್ನೋದು ಕೇಳಿ ಯಾರೋ ನೆಂಟರು ಬಂದ ಹಾಗೆ ಅನ್ನಿಸಿತು. ಹತ್ತನೇ ದಿನ ತಟ್ಟೆ ಖಾಲಿ ಮಾಡಿದೆ. ಆದರೆ ಕೇಳಿ ಬಡಿಸಿಕೊಳ್ಳಲಿಲ್ಲ. ಬಾಯಿ ತುದಿಗೆ ಬಂದರೂ ಕೇಳೋಕೆ ನನಗೆ ಬರುತ್ತಿರಲಿಲ್ಲ. ಅರವತ್ತು ವರ್ಷದಲ್ಲಿ ನಾನು ಯಾರ ಹತ್ತಿರವೂ "ನನಗೆ ಹಾಕಿ" ಅಂದವಳೇ ಅಲ್ಲ.

ಹತ್ತೊಂಬತ್ತನೇ ದಿನ ಸೋಮವಾರ. ಜಯಶೀಲ ದೊಡ್ಡ ಪಾತ್ರೆಯನ್ನೇ ಸಿಂಬೆ ಮೇಲೆ ಹೊತ್ತು ತಂದಳು. ಮುಚ್ಚಳ ತೆಗೆಯೋ ಮುಂಚೆಯೇ ಮೂಗಿಗೆ ಹೊಡೆಯಿತು. ಬೆರಕೆ ಸೊಪ್ಪು. ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ.

"ಸೊಪ್ಪೆಲ್ಲಿಂದ ತಂದೆ?"

"ಸಾಲಿನ ಮನೆಯವರೆಲ್ಲ ಒಂದೊಂದು ಹಿಡಿ ಕೊಟ್ರು. ಮುನಿವೆಂಕಟ ಹೊನಗೊನೆ ಕೊಟ್ಟ, ಅರ್ಧ ಹುಲ್ಲೇ ಇತ್ತು, ಆರಿಸಿ ಹಾಕಿದೆ. ನಮ್ಮಣ್ಣನ ಮನೆ ಒಲೇಲಿ ಮಾಡಿದ್ದು. ನೀವು ಮಾಡೋದನ್ನ ನೋಡಿ ನೋಡಿ ಕಲಿತಿದ್ದೆ."

ಬಡಿಸೋಕೆ ಸೌಟು ಮರೆತು ಬಂದಿದ್ದಳು. ನಮ್ಮನೆ ಸೌಟು ಬಾಗಿಲಲ್ಲಿತ್ತು. ಹೋಗಿ ದಾರದ ಗಂಟು ಬಿಚ್ಚಿ, ತೊಳೆದು ತಂದಳು.

"ಏಯ್, ಒಲೆ ಹತ್ತೋ ಮುಂಚೆ ಸೌಟು ಬಿಚ್ಚಬಾರದು ಕಣೇ!"

"ಕೈಯಲ್ಲಿ ಬಡಿಸ್ಲಾ ಮತ್ತೆ?"

ಸಾರು ಹೊಗೆಯಾಡುತ್ತಿತ್ತು. ಬಿಸಿ ಅನ್ನದ ಮಧ್ಯೆ ಗುಳಿ ಮಾಡಿ, ಅದರೊಳಗೆ ಮೇಲಿನ ತಿಳಿ ಒಂದು ಸೌಟು, ತಳದ ಸೊಪ್ಪು ಕಾಳು ಒಂದು ಸೌಟು ಹಾಕಿದಳು. ಚಕ್ಕಂಬಕ್ಕಳ ಹಾಕಿಕೊಂಡು ಕೂತು ಕಲಸಿ ತಿಂದೆ. ಬಾಯಿ ಸುಟ್ಟಿತು. ಆಗ ಹೊಳೆಯಿತು ನನಗೆ. ಇಪ್ಪತ್ತೆರಡು ವರ್ಷ ಈ ಸಾರು ಮಾಡಿದ್ದೀನಿ, ಒಂದು ದಿನವೂ ಬಿಸಿಯಾಗಿ ತಿಂದಿಲ್ಲ. ಕೂತು ತಿಂದಿಲ್ಲ. ತಳ ಕೆರೆದು ತಣ್ಣಗೆ ನುಂಗಿದ್ದೇ. ಇದು ಇಷ್ಟು ಚೆನ್ನಾಗಿರುತ್ತೆ ಅಂತ ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ. ಎಂಥಾ ಪೆದ್ದಿ ನಾನು! ತಟ್ಟೆಯಲ್ಲಿ ಅನ್ನ ಇನ್ನೂ ಇತ್ತು, ಸಾರು ಮುಗಿದಿತ್ತು.

"ಇನ್ನೊಂದು ಸೌಟು ಹಾಕೇ," ಅಂದೆ. "ಸೊಪ್ಪು ಹೆಚ್ಚಿಗೆ ಬರಲಿ."

ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಜಯಶೀಲನ ಕೈ ಸೌಟು ಹಿಡಿದುಕೊಂಡು ಪಾತ್ರೆಯಲ್ಲೇ ನಿಂತಿತು. ಅವಳ ಕಣ್ಣಲ್ಲಿ ನೀರು ತುಂಬಿತು, ನನ್ನ ಕಣ್ಣಲ್ಲೂ. ನಾನು ಕಡ್ಡಿಪೆಟ್ಟಿಗೆ ಕಡೆ ಏಳೋಕೆ ಹೋದೆ. ಅವಳು ನನ್ನ ಭುಜ ಹಿಡಿದು ಕೂರಿಸಿದಳು.

"ಒಲೆ ಎಲ್ಲೂ ಓಡಿಹೋಗಲ್ಲ. ಸಾರು ತಣ್ಣಗಾಗುತ್ತೆ, ಮೊದಲು ಉಣ್ಣಿ ಅಕ್ಕಾ."

ಮೊದಲ ಸಲ ಅವಳ ಮಾತು ಕೇಳಿ ಕೂತೆ. ಮೂರು ಸೌಟು ಹಾಕಿಸಿಕೊಂಡೆ. ಕೈ ತೊಳೆದು ಬಂದು ಕಡ್ಡಿ ಗೀರಿದಾಗ ಒಲೆ ಒಂದೇ ಕಡ್ಡಿಗೆ ಹತ್ತಿತು. ಜಯಶೀಲ ಅದರ ಮೇಲೆ ಕಾಫಿಗೆ ನೀರಿಟ್ಟಳು, ಸಂಜೆ ಗಾಡಿಯಲ್ಲಿ ಮಿಷನ್ ವಾಪಸು ತರಿಸಿದಳು. ಸೋಮವಾರದ ಸೊಪ್ಪಿನ ಕಾನೂನು ಈಗ ನಮ್ಮ ಸಾಲಿಗೆ ಬಂದಿದೆ, ಆವತ್ತು ಎಲ್ಲರೂ ನಮ್ಮನೆಯಲ್ಲೇ ಉಣ್ಣುತ್ತಾರೆ, ಒಂದು ವಾರ ಸಾರು ನಾನು ಮಾಡುತ್ತೀನಿ, ಒಂದು ವಾರ ಅವಳು. ಅವಳು ಮಾಡಿದ ವಾರ ನಾನು ಮೊದಲ ಪಂಕ್ತಿಗೇ ಕೂರುತ್ತೀನಿ.

ಅವತ್ತಿನ ಮಾರನೇ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಬಾಗಿಲಲ್ಲಿ ಸೌಟಿಲ್ಲದ್ದು ನೋಡಿ ಪಾರಿಜಾತ ಎದುರುಮನೆಯಿಂದ ಕೂಗಿದಳು. "ಒಲೆ ಹತ್ತಿತಾ ದೇವೀರಕ್ಕಾ?"

"ಊಟ ಮಾಡಿದೆ ಕಣೇ," ಅಂದೆ ನಾನು.